ನಿಂತಲ್ಲೇ ನಿಂತಿರುವ ಉಪಗ್ರಹ ಮತ್ತು ನಮ್ಮ ಮಳೆ



ಮಳೆಗಾಲದಲ್ಲಿ ಸಂಘದ ಮಳಿಗೆಗೆ ಮೈಲುತುತ್ತ ಒಯ್ಯಲು ಬರುವವರು ತೂಕ ಆಗುವಷ್ಟರಲ್ಲಿ ಒಂದು ಮಾತನ್ನು ಕೇಳಿಯೇ ಕೇಳುತ್ತಾರೆ: "ಹೊಳವು ಯಾವಾಗ ಕೊಡುತ್ತದಂತೆ?" ಅಡಿಕೆ ಗೊನೆಗೆ ಬೋರ್ಡೋ ದ್ರಾವಣ ಹೊಡೆದ ಮೇಲೆ ಅದು ಕಾಯಿಯ ಮೈಗೆ ಒಣಗಿ ಹಿಡಿಯಲು ಕೆಲವು ಗಂಟೆಗಳ ಹೊಳವು ಬೇಕು. ಹಿಡಿದುಕೊಂಡ ಮೇಲೆ ಮಳೆ ಬಂದರೂ ತಡೆಯುತ್ತದೆ. ಹಿಡಿಯುವ ಮೊದಲೇ ಬಂದರೆ ಮೈಲುತುತ್ತ, ಸುಣ್ಣ, ಮರ ಹತ್ತಿದವನ ಕೂಲಿ ಎಲ್ಲವೂ ಒಟ್ಟಿಗೆ ಬುಡಕ್ಕೆ ಇಳಿಯುತ್ತವೆ. ಕಾಫಿಯವರ ಪಾಡೂ ಬೇರೆಯಲ್ಲ. ಕಣದಲ್ಲಿ ಹಣ್ಣು ಹರಡಿದ ದಿನ ಅಕಾಲ ಮಳೆ ಬಂದರೆ ಏನಾಗುತ್ತದೆಂಬುದನ್ನು ಇಲ್ಲಿ ಬರೆಯಬೇಕಾಗಿಲ್ಲ.

ಕೆಲವು ವರ್ಷಗಳ ಹಿಂದೆ ನನಗೇ ಹೀಗಾಯಿತು. ಎರಡನೆಯ ಔಷಧಿ ಹೊಡೆಯುವ ಸಮಯ. ಉಪಗ್ರಹ ತೆಗೆದ ಮೋಡದ ಚಿತ್ರವನ್ನು ಬೆಳಿಗ್ಗೆ ಮೊಬೈಲಿನಲ್ಲಿ ನೋಡಿದೆ. ದೂರದ ಬಂಗಾಳ ಕೊಲ್ಲಿಯಲ್ಲಿ ಒಂದು ಬಿಳಿಯ ಮುದ್ದೆ ಇತ್ತು. ನಮ್ಮ ಘಟ್ಟದ ಮೇಲೆ ಬರೀ ಬೂದು ಬಣ್ಣ. ಇವತ್ತಿಗೆ ಅಡ್ಡಿಯಿಲ್ಲವೆಂದು ಕೊನೆಗೌಡನನ್ನು ಮರ ಹತ್ತಿಸಿದೆ. ಮಧ್ಯಾಹ್ನದ ಊಟಕ್ಕೆ ಕುಳಿತಾಗ ಜಿಗುಟು ಮಳೆ ಹಿಡಿಯಿತು, ಮರುದಿನ ಬೆಳಿಗ್ಗೆ ಮಳೆಮಾಪಕದಲ್ಲಿ ಎರಡು ಇಂಚು ಮೂವತ್ತು ಸೆಂಟು ಇತ್ತು. ಆ ವರ್ಷ ತೋಟದ ಕೆಳಗಿನ ಸಾಲುಗಳಲ್ಲಿ ಕೊಳೆ ಬಿದ್ದು ಗೊನೆಗಳು ಅರ್ಧಕ್ಕರ್ಧ ಉದುರಿದವು. ಉಪಗ್ರಹದ ಚಿತ್ರವೆಂದರೆ ಬರೀ ತೋರಿಕೆ ಎಂದು ಬಹಳ ದಿನ ಹೇಳಿಕೊಂಡು ತಿರುಗಿದೆ. ಚಿತ್ರ ಸರಿಯಾಗಿಯೇ ಇತ್ತು, ಅದನ್ನು ಓದುವ ಬಗೆ ನನಗೆ ಗೊತ್ತಿರಲಿಲ್ಲ ಎಂಬುದು ತಿಳಿದದ್ದು ಆಮೇಲೆ. ತಿಳಿಯುವ ಆಸೆ ಹುಟ್ಟಿದ್ದು ಮಾತ್ರ ನಮ್ಮ ಮಲೆನಾಡಿನಲ್ಲಲ್ಲ, ಇಪ್ಪತ್ತು ಇಪ್ಪತ್ತೈದು ಇಂಚು ಮಳೆ ಬಿದ್ದರೆ ಒಳ್ಳೆಯ ವರ್ಷವೆನ್ನುವ ಬಾಗಲಕೋಟೆಯ ವಿದ್ಯಾಗಿರಿಯಲ್ಲಿ.

ಕೋಳಿಜಾಲರಿಯ ಛತ್ರಿ

ತಮ್ಮನ ಮಗ ಅಲ್ಲಿಯ ಇಂಜಿನಿಯರಿಂಗ್ ಕಾಲೇಜಿಗೆ ಸೇರಿದ್ದ. ಅವನನ್ನು ಬಿಡಲು ಹೋದವನು ಅವನಿಗೆ ಕೋಣೆ ಕೊಟ್ಟಿದ್ದ ಮನೆಯಲ್ಲೇ ಎರಡು ದಿನ ಉಳಿದೆ. ಮನೆಯ ಯಜಮಾನರು ನಿವೃತ್ತ ಶಾಲಾ ಮಾಸ್ತರರು. ಸಂಜೆ ಮಹಡಿಯ ಮೇಲೆ ಗಾಳಿಗೆ ಕುಳಿತಿದ್ದಾಗ ಸುತ್ತಲಿನ ಮನೆಗಳ ಡಿಶ್ ಆಂಟೆನಾಗಳನ್ನು ತೋರಿಸಿ ಅವರು ಹೇಳಿದರು: "ನೋಡ್ರಿ ಸರ, ಈಗಿನ ಛತ್ರಿ ಎಲ್ಲಾ ದಕ್ಷಿಣಕ್ಕ ನೋಡತಾವ. ನಾವು ಎಪ್ಪತ್ತೈದರಾಗ ನಮ್ಮ ಸಾಲಿ ಮ್ಯಾಗ ಕುಂದ್ರಿಸಿದ್ದು ಪಡುವಲಕ್ಕ ಮುಖಾ ಮಾಡಿತ್ತು. ಕೋಳಿ ಜಾಳಗಿ ಬಡದು ಮಾಡಿದ್ದು."

ನನಗೆ ಮೊದಲು ಅರ್ಥವಾಗಲಿಲ್ಲ. 1975ರಲ್ಲಿ ಬೆಂಗಳೂರಿನಲ್ಲೇ ದೂರದರ್ಶನ ಇರಲಿಲ್ಲವಲ್ಲ. ಅಲ್ಲಿ ಕೇಂದ್ರ ಬಂದದ್ದು 1981ರ ನವೆಂಬರಿನಲ್ಲಿ. ಹಾಗಿರುವಾಗ ಬಿಜಾಪುರ ಜಿಲ್ಲೆಯ ಒಂದು ಹಳ್ಳಿಯ ಶಾಲೆಯ ಮೇಲೆ (ಬಾಗಲಕೋಟೆ ಆಗ ಬಿಜಾಪುರ ಜಿಲ್ಲೆಯಲ್ಲಿತ್ತು, ಬೇರೆ ಜಿಲ್ಲೆಯಾದದ್ದು 1997ರಲ್ಲಿ) ಉಪಗ್ರಹದ ಛತ್ರಿ ಎಲ್ಲಿಂದ ಬಂತು?

ಬಂದದ್ದು ನಿಜ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಸರಿಯಾಗಿ ಒಂದು ವರ್ಷ, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಉಪಗ್ರಹದಿಂದ ನೇರವಾಗಿ ದೂರದರ್ಶನ ಕಾರ್ಯಕ್ರಮ ಇಳಿಯಿತು. ಕರ್ನಾಟಕದಲ್ಲಿ ಇದಕ್ಕೆ ಆಯ್ಕೆಯಾದ ಜಿಲ್ಲೆಗಳು ಬಿಜಾಪುರ, ಗುಲ್ಬರ್ಗ, ರಾಯಚೂರು. ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಇದನ್ನು 'ಸೈಟ್' ಪ್ರಯೋಗವೆಂದು ಕರೆಯುತ್ತಿದ್ದರು. ಉಪಗ್ರಹ ಅಮೆರಿಕದ 'ನಾಸಾ' ಸಂಸ್ಥೆಯದು, ಹೆಸರು ಎ.ಟಿ.ಎಸ್.-6. ಕಾರ್ಯಕ್ರಮ ಮತ್ತು ನೆಲದ ಮೇಲಿನ ಸಲಕರಣೆಯ ಹೊಣೆ ನಮ್ಮವರದು. ಒಪ್ಪಂದಕ್ಕೆ 1969ರಲ್ಲೇ ಸಹಿ ಬಿದ್ದಿತ್ತು. ಅದಕ್ಕಾಗಿ ಓಡಾಡಿದ ವಿಕ್ರಮ್ ಸಾರಾಭಾಯಿ 1971ರ ಡಿಸೆಂಬರಿನಲ್ಲಿ ತೀರಿಕೊಂಡರು, ಪ್ರಯೋಗ ನಡೆದದ್ದನ್ನು ಅವರು ನೋಡಲಿಲ್ಲ.

ಬೆಳಿಗ್ಗೆ ಶಾಲಾ ಮಕ್ಕಳಿಗೆ, ಸಂಜೆ ದೊಡ್ಡವರಿಗೆ ಕಾರ್ಯಕ್ರಮ. ಬೇಸಾಯ, ದನಕರು, ಆರೋಗ್ಯ, ಕುಟುಂಬ ಯೋಜನೆ, ನಡುವೆ ಹಾಡು ಕುಣಿತ. ಉಪಗ್ರಹವು ಒಂದು ಚಿತ್ರದ ಜೊತೆಗೆ ಎರಡು ಧ್ವನಿಗಳನ್ನು ಕಳಿಸಬಲ್ಲದಾಗಿತ್ತು; ಆದುದರಿಂದ ಒಂದೇ ಚಿತ್ರಕ್ಕೆ ಎರಡು ಭಾಷೆಯ ಮಾತನ್ನು ಜೋಡಿಸುವುದು ಸಾಧ್ಯವಾಯಿತು. ವಿದ್ಯುತ್ ಇಲ್ಲದ ಕೆಲವು ಹಳ್ಳಿಗಳಲ್ಲಿ ಬ್ಯಾಟರಿಯಿಂದ ಟಿ.ವಿ. ನಡೆಸಿದರು.

ಮಾಸ್ತರರು ಹೇಳಿದ ಕೋಳಿಜಾಲರಿಯ ವಿಷಯವನ್ನು ಸ್ವಲ್ಪ ವಿವರಿಸಬೇಕು. ಛತ್ರಿಯ ಅಡ್ಡಳತೆ ಸುಮಾರು 3 ಮೀಟರ್, ಅಂದರೆ ಹತ್ತು ಅಡಿ. ಅದರ ಬಟ್ಟಲಿಗೆ ತಗಡು ಹಾಕಿರಲಿಲ್ಲ, ಕೋಳಿಗೂಡಿಗೆ ಬಡಿಯುವ ತಂತಿಜಾಲರಿ ಹಾಕಿದ್ದರು. ತೂತುಗಳಿಂದ ಅಲೆ ಸೋರಿ ಹೋಗುವುದಿಲ್ಲವೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಆ ಉಪಗ್ರಹ ಕಳಿಸುತ್ತಿದ್ದ ರೇಡಿಯೋ ಅಲೆಯ ಉದ್ದ ಸುಮಾರು 35 ಸೆಂಟಿಮೀಟರ್. ಅಷ್ಟು ಉದ್ದದ ಅಲೆಗೆ ಬೆರಳು ತೂರುವಷ್ಟರ ತೂತು ತೂತೇ ಅಲ್ಲ. ಜಾಲರಿ ಅದಕ್ಕೆ ಗಟ್ಟಿ ಗೋಡೆಯಂತೆಯೇ. ಜರಡಿಯಲ್ಲಿ ಮೆಣಸು ನಿಂತು ಧೂಳು ಇಳಿಯುವುದಿಲ್ಲವೆ, ಹಾಗೆ. ಜಾಲರಿ ಅಗ್ಗ, ಹಗುರ, ಗಾಳಿಗೂ ಹಾರದು. ಇಷ್ಟು ಸಣ್ಣ ಛತ್ರಿ ಸಾಕಾದದ್ದಕ್ಕೆ ಇನ್ನೊಂದು ಕಾರಣವೆಂದರೆ ಉಪಗ್ರಹದ ಮೇಲಿದ್ದ ಛತ್ರಿ ಬಹಳ ದೊಡ್ಡದು, ಮೂವತ್ತು ಅಡಿಯದು. ಅದನ್ನು ಮಡಚಿ ಒಯ್ದು ಅಂತರಿಕ್ಷದಲ್ಲಿ ಬಿಡಿಸಿದ್ದರು. ಮೇಲಿನದು ದೊಡ್ಡದಾದಷ್ಟೂ ಕೆಳಗಿನದು ಸಣ್ಣದಾಗಬಹುದು. ಬಡ ಹಳ್ಳಿಗೆ ಒದಗಿಸಬೇಕಾದರೆ ಖರ್ಚನ್ನೆಲ್ಲ ಮೇಲಕ್ಕೆ ಹಾಕಬೇಕೆಂಬ ಆ ಲೆಕ್ಕಾಚಾರ ನನಗೆ ಬಹಳ ಹಿಡಿಸಿತು.

ಛತ್ರಿ ಪಡುವಣಕ್ಕೆ ಏಕೆ ಮುಖ ಮಾಡಿತ್ತೆಂದರೆ, ಎ.ಟಿ.ಎಸ್.-6 ನಿಂತಿದ್ದದ್ದು ಆಫ್ರಿಕದ ಕೀನ್ಯಾ ದೇಶದ ಕಡೆ, ಭೂಮಧ್ಯರೇಖೆಯ ಮೇಲೆ. ಬಾಗಲಕೋಟೆಯಿಂದ ನೋಡಿದರೆ ಅದು ಪಡುವಣ ದಿಕ್ಕಿನಲ್ಲಿ, ದಿಗಂತದಿಂದ ನೆತ್ತಿಯವರೆಗಿನ ಅರ್ಧಕ್ಕಿಂತ ಸ್ವಲ್ಪ ಕೆಳಗೆ. ಒಂದು ವರ್ಷ ಕಳೆದ ಮೇಲೆ ಅಮೆರಿಕದವರು ಅದನ್ನು ತಮ್ಮ ಕಡೆಗೆ ಸರಿಸಿಕೊಂಡರು. "ಒಂದ್ ದಿನಾ ಬಂದ್ ಆತ್ರಿ," ಎಂದರು ಮಾಸ್ತರರು. "ಮಂದಿ ಮೂರ್ನಾಕ ದಿವಸ ಸಂಜಿಕ ಬಂದು ಸಾಲಿ ಮುಂದ ಕುಂತು ಹ್ವಾದ್ರು. ಟಿ.ವಿ. ಒಳಗ ಬರೀ ಜೋಳದ ಹೊಟ್ಟು ಹಾರಿಧಂಗ ಕಾಣತಿತ್ತು." ಎರವಲು ತಂದ ಎತ್ತಿನಲ್ಲಿ ಎಷ್ಟು ದಿನ ಉಳಬಹುದು? 1977ರಲ್ಲಿ ಗುಲ್ಬರ್ಗದಲ್ಲಿ ನೆಲದ ಮೇಲಿನ ಪ್ರಸಾರ ಕೇಂದ್ರ ಬಂದು ಸ್ವಲ್ಪ ಹಳ್ಳಿಗಳಿಗೆ ಮತ್ತೆ ಕಾರ್ಯಕ್ರಮ ಸಿಕ್ಕಿತು. ಸ್ವಂತ ಎತ್ತು ಕಟ್ಟುವ ಕೆಲಸ ಬೆಂಗಳೂರಿನಲ್ಲಿ ನಡೆಯುತ್ತಿತ್ತು.

ನಿಲ್ಲುವುದೆಂದರೇನು?

ಉಪಗ್ರಹ ನಿಂತಿದೆ ಎಂದು ಬರೆಯುತ್ತಿದ್ದೇನೆ, ಅದು ನಿಂತಿಲ್ಲ. ಸೆಕೆಂಡಿಗೆ 3 ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ಓಡುತ್ತಿದೆ. ನಮ್ಮ ಕಡೆಯ ಆಲೆಮನೆಗಳಲ್ಲಿ ಹಿಂದೆ ಎತ್ತುಗಳು ಗಾಣ ಸುತ್ತುತ್ತಿದ್ದುದನ್ನು ಹಿರಿಯರು ನೋಡಿದ್ದಾರೆ. ಗಾಣದ ನಡುವೆ ಒಬ್ಬನು ನಿಂತು, ಎತ್ತು ಒಂದು ಸುತ್ತು ಬರುವಷ್ಟರಲ್ಲಿ ತಾನೂ ನಿಂತಲ್ಲೇ ಒಂದು ಸುತ್ತು ತಿರುಗಿದರೆ, ಎತ್ತು ಸದಾ ಅವನ ಕಣ್ಣೆದುರಿಗೇ ಇರುತ್ತದೆ. ಭೂಮಿ ತನ್ನ ಸುತ್ತ ತಿರುಗುತ್ತದೆ, ಉಪಗ್ರಹ ಭೂಮಿಯನ್ನು ಸುತ್ತುತ್ತದೆ. ಎರಡಕ್ಕೂ ಹಿಡಿಯುವ ಹೊತ್ತು ಒಂದೇ ಆದರೆ ಆಕಾಶದಲ್ಲಿ ಅದು ಅಲುಗದೆ ನಿಂತಂತೆ ಕಾಣುತ್ತದೆ.

ಎಷ್ಟು ಎತ್ತರದಲ್ಲಿ ಹೀಗಾಗುತ್ತದೆ? ಭೂಮಿಗೆ ಹತ್ತಿರವಿದ್ದಷ್ಟೂ ಸೆಳೆತ ಹೆಚ್ಚು, ಬೀಳದಿರಲು ಹೆಚ್ಚು ವೇಗವಾಗಿ ಓಡಬೇಕು. ಕೆಲವು ನೂರು ಕಿಲೋಮೀಟರ್ ಎತ್ತರದ ಉಪಗ್ರಹ ಒಂದೂವರೆ ಗಂಟೆಗೆ ಒಂದು ಸುತ್ತು ಬರುತ್ತದೆ. ಸುಮಾರು 3,84,000 ಕಿಲೋಮೀಟರ್ ದೂರದ ಚಂದ್ರನಿಗೆ ಒಂದು ಸುತ್ತಿಗೆ ಇಪ್ಪತ್ತೇಳು ದಿನ ಬೇಕು. ಹಾಗಾದರೆ ಇವೆರಡರ ನಡುವೆ ಎಲ್ಲೋ ಒಂದು ಎತ್ತರದಲ್ಲಿ ಸುತ್ತು ಸರಿಯಾಗಿ ಒಂದು ದಿನಕ್ಕೆ ಮುಗಿಯಲೇಬೇಕು. ಆ ಎತ್ತರ ಭೂಮಧ್ಯರೇಖೆಯ ಮೇಲೆ 35,786 ಕಿಲೋಮೀಟರ್. ಭೂಮಧ್ಯರೇಖೆಯ ಮೇಲೆಯೇ ಏಕೆ ಎಂದರೆ, ಅದನ್ನು ಬಿಟ್ಟು ಓರೆಯಾಗಿ ಸುತ್ತುವ ಉಪಗ್ರಹ ದಿನಕ್ಕೊಮ್ಮೆ ಉತ್ತರಕ್ಕೂ ದಕ್ಷಿಣಕ್ಕೂ ತೂಗಾಡುತ್ತದೆ. ನಮ್ಮ ಮಹಡಿಯ ಡಿಶ್‌ಗಳೆಲ್ಲ ದಕ್ಷಿಣಕ್ಕೆ ನೋಡುವ ಗುಟ್ಟೂ ಇದೇ: ನಮ್ಮ ಉಪಗ್ರಹಗಳು ನಮ್ಮ ನೇರ ದಕ್ಷಿಣದ ಆಸುಪಾಸಿನಲ್ಲಿವೆ. ಇಂಥ ಉಪಗ್ರಹಗಳಿಂದ ಜಗತ್ತಿಗೆಲ್ಲ ಪ್ರಸಾರ ಮಾಡಬಹುದೆಂದು ಆರ್ಥರ್ ಕ್ಲಾರ್ಕ್ ಎಂಬ ಲೇಖಕ 1945ರಲ್ಲೇ ಲೆಕ್ಕ ಹಾಕಿ ಬರೆದಿದ್ದರು. ಅವರು ಮುಂದೆ ಸಿಂಹಳದಲ್ಲಿ ನೆಲೆಸಿದರು. 'ಸೈಟ್' ನಡೆದಾಗ ನಮ್ಮವರು ಅವರ ಕೊಲಂಬೋ ಮನೆಗೂ ಒಂದು ಛತ್ರಿ ಒಯ್ದು ಕೂಡಿಸಿಕೊಟ್ಟರು.

ಹಾಸನದ ಹಿಡಿತ

ಭಾರತದ ಮೊದಲ ಉಪಗ್ರಹ 'ಆರ್ಯಭಟ' ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ತಯಾರಾಗಿ 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನಲ್ಲಿ ಮೇಲೇರಿತು. ಆ ಕೆಲಸದ ಮುಂದಾಳು ಯು.ಆರ್. ರಾವ್, ಉಡುಪಿ ಹತ್ತಿರದ ಅದಮಾರಿನವರು. ಅದು ಕೆಳಗಿನ ಕಕ್ಷೆಯ ಸಣ್ಣ ಉಪಗ್ರಹ. ನಿಂತಲ್ಲೇ ನಿಲ್ಲುವ ಬಗೆಯ ಮೊದಲ ಭಾರತೀಯ ಉಪಗ್ರಹ 'ಆಪಲ್', 1981ರ ಜೂನ್ 19ರಂದು ಯುರೋಪಿನ ಏರಿಯಾನ್ ರಾಕೆಟ್ಟಿನಲ್ಲಿ ಹೋಯಿತು. ಅದನ್ನು ಎತ್ತಿನ ಗಾಡಿಯ ಮೇಲೆ ಇಟ್ಟಿರುವ ಫೋಟೋ ಬಹಳ ಜನ ನೋಡಿರಬಹುದು. ಹಣವಿಲ್ಲದೆ ಗಾಡಿಯಲ್ಲಿ ಸಾಗಿಸಿದರೆಂದು ಕೆಲವರು ನಗುತ್ತಾರೆ. ಆಂಟೆನಾ ಪರೀಕ್ಷೆಗೆ ಸುತ್ತ ಕಬ್ಬಿಣ ಇರಬಾರದು, ಲಾರಿಯ ಲೋಹ ಅಲೆಯನ್ನು ಕೆಡಿಸುತ್ತದೆ. ಮರದ ಗಾಡಿ ಕೆಡಿಸುವುದಿಲ್ಲ. ನಕ್ಕವರು ಇದನ್ನು ತಿಳಿದಿದ್ದರೆ ಸಾಕಿತ್ತು.

ನಮ್ಮ ಸದಸ್ಯರಲ್ಲಿ ಹಾಸನಕ್ಕೆ ಹೋಗಿ ಬರುವವರು ಸಾಲಗಾಮೆ ರಸ್ತೆಯ ದೊಡ್ಡ ಬಿಳಿಯ ಛತ್ರಿಗಳನ್ನು ದೂರದಿಂದ ನೋಡಿರುತ್ತಾರೆ. ಅದು 1982ರಲ್ಲಿ ಸ್ಥಾಪನೆಯಾದ ಮುಖ್ಯ ನಿಯಂತ್ರಣ ಕೇಂದ್ರ. ಕಾಫಿ ಕ್ಯೂರಿಂಗಿಗೆ ಲಾರಿ ಕಳಿಸುವ ಊರಿನಿಂದಲೇ ದೇಶದ ಭೂಸ್ಥಿರ ಉಪಗ್ರಹಗಳನ್ನು ಹಿಡಿದು ನಡೆಸುತ್ತಾರೆ. ರಾಕೆಟ್ ಉಪಗ್ರಹವನ್ನು ಸಾಮಾನ್ಯವಾಗಿ ಮೊಟ್ಟೆಯಾಕಾರದ ಉದ್ದನೆಯ ದಾರಿಯಲ್ಲಿ ಬಿಟ್ಟು ತನ್ನ ಕೆಲಸ ಮುಗಿಸುತ್ತದೆ. ಆ ದಾರಿಯ ತುತ್ತತುದಿಗೆ ಉಪಗ್ರಹ ಬಂದಾಗ ಹಾಸನದಿಂದ ಆಜ್ಞೆ ಹೋಗಿ ಅದರ ಇಂಜಿನ್ ಉರಿಯುತ್ತದೆ. ಹೀಗೆ ಕೆಲವು ದಿನಗಳಲ್ಲಿ ಕೆಲವು ಸಲ ಉರಿಸಿ ದಾರಿಯನ್ನು ದುಂಡಗೆ ಮಾಡುತ್ತಾರೆ. ಬಳಿಕ ಸೌರ ಫಲಕ, ಛತ್ರಿ ಬಿಡಿಸಬೇಕು. ಕೈಗೆ ಸಿಗದ ಜಾಗದಲ್ಲಿ ಕೀಲು ಬಿಡಿಸುವ ಕೆಲಸವೇ ಎಲ್ಲಕ್ಕಿಂತ ಹೆದರಿಕೆಯದು.

ಮೊದಲ ಸಲವೇ ಇದು ಕೈಕೊಟ್ಟಿತು. ಇನ್ಸಾಟ್-1ಎ ಅಮೆರಿಕದಲ್ಲಿ ತಯಾರಾಗಿ 1982ರ ಏಪ್ರಿಲ್ 10ರಂದು ಮೇಲೇರಿತು. ದೂರವಾಣಿ, ದೂರದರ್ಶನ, ಹವಾಮಾನ ಮೂರನ್ನೂ ಒಂದೇ ಉಪಗ್ರಹಕ್ಕೆ ಕಟ್ಟಿದ್ದರು. ಮೋಡ ನೋಡುವ ಕಣ್ಣಿನ ಒಂದು ಭಾಗವನ್ನು ಬಹಳ ತಣ್ಣಗೆ ಇಡಬೇಕಾದ್ದರಿಂದ ಆ ಮಗ್ಗುಲಿನಲ್ಲಿ ಸೌರ ಫಲಕ ಇರುವಂತಿಲ್ಲ; ಫಲಕ ಒಂದೇ ಪಕ್ಕಕ್ಕೆ. ಬಿಸಿಲಿಗೂ ಅತಿ ಸೂಕ್ಷ್ಮವಾದ ಒತ್ತಡ ಇದೆ. ಅಡ್ಡೆಯ ಒಂದೇ ಕಡೆಗೆ ಹೊರೆ ಕಟ್ಟಿದರೆ ಹೊತ್ತವನು ವಾಲುವ ಹಾಗೆ, ಒಂದೇ ಪಕ್ಕದ ಫಲಕದ ಮೇಲೆ ಬೀಳುವ ಬಿಸಿಲು ಉಪಗ್ರಹವನ್ನು ನಿಧಾನವಾಗಿ ತಿರುಗಿಸಿಬಿಡುತ್ತದೆ. ಅದನ್ನು ಸರಿತೂಗಿಸಲು ಇನ್ನೊಂದು ಪಕ್ಕಕ್ಕೆ ಉದ್ದನೆಯ ಕೋಲಿನ ತುದಿಯಲ್ಲಿ ಒಂದು ಹಾಯಿ ಇಟ್ಟಿದ್ದರು. ಆ ಹಾಯಿ ಬಿಡಿಸಿಕೊಳ್ಳಲಿಲ್ಲ. ಆಗಾಗ ಇಂಧನ ಚಿಮ್ಮಿಸಿ ನೇರ ಮಾಡುತ್ತಾ ಹೋಗಬೇಕಾಯಿತು. ಏಳು ವರ್ಷಕ್ಕೆಂದು ತುಂಬಿಸಿದ್ದ ಇಂಧನ ಸೆಪ್ಟೆಂಬರಿನ ಮೊದಲ ವಾರದಲ್ಲೇ ತೀರಿ ಉಪಗ್ರಹ ಕೈಬಿಟ್ಟಿತು.

ಎರಡನೆಯದು ಇನ್ಸಾಟ್-1ಬಿ. 1983ರ ಆಗಸ್ಟ್ 30ರಂದು 'ಚಾಲೆಂಜರ್' ವ್ಯೋಮನೌಕೆಯಲ್ಲಿ ಹೋಯಿತು. ಇದರ ಸೌರ ಫಲಕವೂ ಸಿಕ್ಕಿಹಾಕಿಕೊಂಡಿತು. ಎರಡು ವಾರಗಳ ಕಾಲ ಅತ್ತ ತಿರುಗಿಸಿ ಇತ್ತ ತಿರುಗಿಸಿ ಕೊನೆಗೆ ಸೆಪ್ಟೆಂಬರ್ ನಡುವಿನಲ್ಲಿ ಫಲಕ ಬಿಡಿಸಿಕೊಂಡಿತು. ಈಗ ಅರುವತ್ತು ದಾಟಿದ ನಮ್ಮಂಥವರು ಎಂಬತ್ತರ ದಶಕದಲ್ಲಿ ಮಹಡಿಗೆ ಕಂಬ ನೆಟ್ಟು ನೋಡಿದ ದೆಹಲಿಯ ಕಾರ್ಯಕ್ರಮಗಳೆಲ್ಲ ಈ ಇನ್ಸಾಟ್-1ಬಿ ಮೂಲಕ ಬಂದವು. ಅದರ ಬಳಿಕ 1992ರ ಜುಲೈ 10ರಂದು ಹೋದ ಇನ್ಸಾಟ್-2ಎ ಪೂರ್ಣವಾಗಿ ನಮ್ಮಲ್ಲೇ ತಯಾರಾದದ್ದು.

ಇಂಧನ ಏತಕ್ಕೆ ದಿನವೂ ಬೇಕೆಂಬುದು ನನಗೂ ಮೊದಲು ತಿಳಿದಿರಲಿಲ್ಲ. ಸೂರ್ಯ ಚಂದ್ರರು ಉಪಗ್ರಹವನ್ನು ಉತ್ತರ ದಕ್ಷಿಣಕ್ಕೆ ಎಳೆಯುತ್ತಾರೆ. ಇನ್ನು ಭೂಮಿಯ ನಡು ಪೂರ್ಣ ದುಂಡಗಿಲ್ಲ, ಅತಿ ಸ್ವಲ್ಪ ಅಂಡಾಕಾರ. ಇದರಿಂದ ಆ ಎತ್ತರದ ದಾರಿಯಲ್ಲಿ ಎರಡು ಕಡೆ ಕಣ್ಣಿಗೆ ಕಾಣದ ತಗ್ಗು ಉಂಟಾಗಿದೆ. ಕಣದ ತಗ್ಗಿಗೆ ಅಡಿಕೆ ಉರುಳಿ ಸೇರುವಂತೆ, ಹಿಡಿತ ತಪ್ಪಿದ ಉಪಗ್ರಹಗಳು ಆ ತಗ್ಗಿನ ಕಡೆ ಸರಿದು ಅಲ್ಲಿ ಅತ್ತಿತ್ತ ತೂಗಾಡುತ್ತಿರುತ್ತವೆ. ಎರಡರಲ್ಲಿ ಒಂದು ತಗ್ಗು ಇರುವುದು ಪೂರ್ವ ರೇಖಾಂಶ 75 ಡಿಗ್ರಿಯ ಬಳಿ. ನಕ್ಷೆ ತೆಗೆದು ನೋಡಿ: ಹುಬ್ಬಳ್ಳಿ, ಸಾಗರ, ಆಗುಂಬೆಗಳ ಪಕ್ಕದಿಂದ ಹಾದು ನೇರ ದಕ್ಷಿಣಕ್ಕೆ ಇಳಿಯುವ ಗೆರೆ ಅದು. ಜಗತ್ತಿನ ನಾನಾ ದೇಶಗಳ ಸತ್ತ ಉಪಗ್ರಹಗಳು ನಮ್ಮ ಮಲೆನಾಡಿನ ನೇರ ದಕ್ಷಿಣದ ಆಕಾಶದಲ್ಲಿ ತೂಗುತ್ತಿವೆ ಎಂದರೆ ನಮ್ಮೂರಿನಲ್ಲಿ ಯಾರೂ ನಂಬಲಿಲ್ಲ. ಬದುಕಿರುವ ಉಪಗ್ರಹವನ್ನು ಹಾಸನದವರು ಆಗಾಗ ಚೂರು ಚೂರೇ ತಳ್ಳಿ ಕೆಲವು ಹತ್ತು ಕಿಲೋಮೀಟರುಗಳ ಚೌಕದೊಳಗೆ ಇಡುತ್ತಾರೆ. ಯಂತ್ರವೆಲ್ಲ ಚೆನ್ನಾಗಿದ್ದರೂ ಇಂಧನ ತೀರಿದ ದಿನ ಅದರ ಆಯುಸ್ಸು ತೀರಿತು. ಅದಕ್ಕೇ ಕೊನೆಯ ಗುಟುಕು ಇಂಧನ ಉಳಿದಿರುವಾಗಲೇ ಅದನ್ನು ಕೆಲವು ನೂರು ಕಿಲೋಮೀಟರ್ ಮೇಲಕ್ಕೆ ತಳ್ಳಿ ದಾರಿ ಬಿಡಿಸುವುದು ಈಗಿನ ಕ್ರಮ.

ಮೇಲಿನ ಕಣ್ಣು ಕಾಣುವುದು, ಕಾಣದ್ದು

ಈಗ ನನ್ನ ತೊಳೆದುಹೋದ ಬೋರ್ಡೋ ವಿಷಯಕ್ಕೆ ಬರುತ್ತೇನೆ.

ಹವಾಮಾನ ಉಪಗ್ರಹವು ಮೋಡವನ್ನು ಮುಖ್ಯವಾಗಿ ಎರಡು ಬಗೆಯಲ್ಲಿ ನೋಡುತ್ತದೆ. ಒಂದು, ಬಿಸಿಲಿನ ಬೆಳಕಿನಲ್ಲಿ ನಮ್ಮ ಕಣ್ಣು ಕಾಣುವ ಹಾಗೆಯೇ. ಇದು ಹಗಲಿಗೆ ಮಾತ್ರ. ಇನ್ನೊಂದು, ಮೋಡದಿಂದ ಹೊರಡುವ ಶಾಖದ ಕಿರಣಗಳಿಂದ. ಇದು ಹಗಲೂ ರಾತ್ರಿಯೂ ನಡೆಯುತ್ತದೆ, ಸಾಮಾನ್ಯವಾಗಿ ನಮಗೆ ಸಿಗುವ ಚಿತ್ರ ಈ ಬಗೆಯದು. ಶಾಖದ ಚಿತ್ರದಲ್ಲಿ ತಣ್ಣಗಿರುವುದು ಬಿಳಿಯಾಗಿಯೂ ಬೆಚ್ಚಗಿರುವುದು ಕಪ್ಪಾಗಿಯೂ ಕಾಣುವಂತೆ ಮಾಡಿರುತ್ತಾರೆ. ಮೇಲೆ ಹೋದಷ್ಟೂ ಚಳಿ ಹೆಚ್ಚು. ಹತ್ತು ಹದಿನೈದು ಕಿಲೋಮೀಟರ್ ಎತ್ತರಕ್ಕೆ ಬೆಳೆದ ಗುಡುಗುಮೋಡದ ತಲೆ ಸೊನ್ನೆಗಿಂತ ಅರುವತ್ತು ಎಪ್ಪತ್ತು ಡಿಗ್ರಿ ಕೆಳಗಿರುತ್ತದೆ, ಚಿತ್ರದಲ್ಲಿ ಅಚ್ಚ ಬಿಳಿ. ನೆಲಕ್ಕೆ ಹತ್ತಿರದ ಮೋಡದ ತಲೆ ನೆಲಕ್ಕಿಂತ ಅಷ್ಟೇನೂ ತಣ್ಣಗಿರುವುದಿಲ್ಲ, ಚಿತ್ರದಲ್ಲಿ ಬೂದು.

ಉಪಗ್ರಹ ಕಾಣುವುದು ಮೋಡದ ತಲೆಯನ್ನು. ಮಳೆ ಬೀಳುವುದು ಮೋಡದ ಕಾಲಿನಿಂದ. ತಲೆ ನೋಡಿ ಕಾಲನ್ನು ಅಳೆಯುವ ಲೆಕ್ಕ ಬಯಲುಸೀಮೆಯಲ್ಲಿ ಬಹುಮಟ್ಟಿಗೆ ಸರಿಹೋಗುತ್ತದೆ; ಅಲ್ಲಿಯ ಒಳ್ಳೆಯ ಮಳೆ ಎತ್ತರದ ಗುಡುಗುಮೋಡದಿಂದ ಬರುತ್ತದೆ. ನಮ್ಮ ಘಟ್ಟದ ಆಷಾಢದ ಮಳೆಯ ಜಾತಿಯೇ ಬೇರೆ. ಅರಬ್ಬೀ ಸಮುದ್ರದ ತೇವದ ಗಾಳಿ ಬೆಟ್ಟಕ್ಕೆ ಬಡಿದು ಮೇಲೇರುತ್ತಾ ಅಲ್ಲೇ ತಣಿದು ಅಲ್ಲೇ ಸುರಿಯುತ್ತದೆ. ಅದಕ್ಕೆ ಎತ್ತರದ ಮೋಡ ಬೇಕಿಲ್ಲ. ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆ ಕಾಣುವ ಆಗುಂಬೆಯಲ್ಲೂ ಮೋಡ ಹೆಚ್ಚಾಗಿ ಮರದ ತುದಿಗೇ ತಾಗಿಕೊಂಡಿರುತ್ತದೆ. ಶಾಖದ ಚಿತ್ರದಲ್ಲಿ ಇದು ಬರೀ ಬೂದು. ನಾನು ನೋಡಿದ ಬೂದು ಬಣ್ಣವೇ ನನ್ನ ಔಷಧಿ ತೊಳೆದ ಮಳೆ.

ಹಾಗಾದರೆ ಮಾಡುವುದೇನು? ಹಗಲಾದರೆ ಎರಡು ಚಿತ್ರಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಬೆಳಕಿನ ಚಿತ್ರದಲ್ಲಿ ಘಟ್ಟದ ಸಾಲು ಬಿಳಿ, ಅದೇ ಹೊತ್ತಿನ ಶಾಖದ ಚಿತ್ರದಲ್ಲಿ ಬೂದು ಎಂದಾದರೆ ಕೆಳಮೋಡ ದಟ್ಟವಾಗಿ ಕವಿದಿದೆ ಎಂದು ಅರ್ಥ, ಔಷಧಿ ಕಲೆಸಬೇಡಿ. ಎರಡರಲ್ಲೂ ಕಪ್ಪಾದರೆ ಹೊಳವು. ರಾತ್ರಿಯ ಶಾಖದ ಚಿತ್ರವೊಂದನ್ನೇ ನಂಬಿ ಮರುದಿನದ ಆಳು ಹೇಳಬಾರದು. ಮಾರ್ಚ್, ಏಪ್ರಿಲ್ ತಿಂಗಳಿನ ಹೂಮಳೆಗೆ ಮಾತ್ರ ಶಾಖದ ಚಿತ್ರ ಚೆನ್ನಾಗಿ ಒದಗುತ್ತದೆ. ಅದು ಗುಡುಗುಮೋಡದ ಮಳೆ. ಮಧ್ಯಾಹ್ನ ಎರಡರ ಮೇಲೆ ಅರ್ಧ ಗಂಟೆಗೊಂದು ಚಿತ್ರ ನೋಡುತ್ತಾ ಹೋದರೆ ಬಿಳಿ ಚುಕ್ಕೆ ಹುಟ್ಟಿ ಹಿಗ್ಗಿ ಯಾವ ಕಡೆ ನಡೆಯುತ್ತಿದೆ ಎಂಬುದು ಕಾಣುತ್ತದೆ. ಕಣದ ಕಾಫಿಯನ್ನು ರಾಶಿ ಮಾಡಿ ಮುಚ್ಚಲು ಇದು ಸಾಕಷ್ಟು ಹೊತ್ತು ಕೊಡುತ್ತದೆ. ನನಗೆ ಎರಡು ಸಲ ಉಪಯೋಗವಾಗಿದೆ.

ಇನ್ನೊಂದು ಮಿತಿಯೂ ಇದೆ. ಇನ್ಸಾಟ್-1ಬಿಯ ಕಣ್ಣಿಗೆ ಶಾಖದ ಚಿತ್ರದಲ್ಲಿ 11 ಕಿಲೋಮೀಟರ್ ಚೌಕ ಒಂದು ಚುಕ್ಕೆ. 2024ರ ಫೆಬ್ರವರಿ 17ರಂದು ಮೇಲೇರಿದ ಇನ್ಸಾಟ್-3ಡಿಎಸ್ ಉಪಗ್ರಹಕ್ಕೆ ಅದು 4 ಕಿಲೋಮೀಟರ್, ಬೆಳಕಿನ ಚಿತ್ರದಲ್ಲಿ 1 ಕಿಲೋಮೀಟರ್. ಸುಧಾರಣೆ ದೊಡ್ಡದೇ. ಆದರೂ 4 ಕಿಲೋಮೀಟರ್ ಚೌಕವೆಂದರೆ 1,600 ಹೆಕ್ಟೇರ್, ಸುಮಾರು ನಾಲ್ಕು ಸಾವಿರ ಎಕರೆ. ನಮ್ಮ ಸಂಘದ ಬಹಳಷ್ಟು ಸದಸ್ಯರದು ಎರಡು ಮೂರು ಎಕರೆ. ಗುಡ್ಡದ ಈ ಮಗ್ಗುಲಿಗೆ ಮಳೆ, ಆ ಮಗ್ಗುಲಿಗೆ ಬಿಸಿಲು ಇರುವ ನಮ್ಮ ಕಡೆ ಇಡೀ ಊರೇ ಒಂದು ಚುಕ್ಕೆಯೊಳಗೆ ಅಡಗಿಹೋಗುತ್ತದೆ.

ಇಷ್ಟೆಲ್ಲ ಹೇಳಿದ್ದರಿಂದ ಆ ಕಣ್ಣು ದಂಡವೆಂದು ತಿಳಿಯಬಾರದು. ಸಮುದ್ರದ ಮೇಲೆ ಮಳೆಮಾಪಕ ಇಟ್ಟವರಿಲ್ಲ, ಅಲ್ಲಿ ಹುಟ್ಟುವ ಚಂಡಮಾರುತವನ್ನು ಬಿಡದೆ ಕಾಯುವುದು ಈ ಒಂದು ಕಣ್ಣೇ. 1977ರ ನವೆಂಬರಿನ ಆಂಧ್ರ ಚಂಡಮಾರುತದಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. 1990ರ ಮೇ ತಿಂಗಳಿನಲ್ಲಿ ಅದೇ ಕರಾವಳಿಗೆ ಭಾರಿ ಚಂಡಮಾರುತ ಬಂದಾಗ ಸತ್ತವರು ಸುಮಾರು ಒಂದು ಸಾವಿರ. ಉಪಗ್ರಹ ಕಂಡಿತು, ಮುಂಚಿತವಾಗಿ ಎಚ್ಚರಿಕೆ ಹೋಯಿತು, ಲಕ್ಷಗಟ್ಟಲೆ ಜನರನ್ನು ಸಾಗಿಸಲಾಯಿತು. ಇನ್ನೊಂದು ಸಂಗತಿ ಬಹಳ ಜನಕ್ಕೆ ತಿಳಿಯದು: ಇದೇ ಉಪಗ್ರಹಗಳು ನೆಲದ ಮೇಲಿನ ಸ್ವಯಂಚಾಲಿತ ಮಳೆಮಾಪಕಗಳ ಲೆಕ್ಕವನ್ನು ಸಂಗ್ರಹಿಸಿ ಕೇಂದ್ರಕ್ಕೆ ಮುಟ್ಟಿಸುವ ಕೆಲಸವನ್ನೂ ಮಾಡುತ್ತವೆ. ಮೇಲಿನಿಂದ ಅಂದಾಜು ಮಾಡಿದ ಮಳೆ ಸರಿಯೋ ತಪ್ಪೋ ಎಂದು ತಾಳೆ ನೋಡುವುದು ನೆಲದ ಡಬ್ಬಿಯ ಇಂಚು ಸೆಂಟಿನಿಂದಲೇ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಮಟ್ಟದವರೆಗೂ ಮಳೆಮಾಪಕ ಇಟ್ಟಿದ್ದಾರೆ. ನಮ್ಮಲ್ಲಿ ತಾತನ ಕಾಲದಿಂದ ಮಳೆಯ ಪುಸ್ತಕ ಬರೆದಿಟ್ಟ ಮನೆಗಳಿವೆ. ಕಂಪ್ಯೂಟರ್ ಬಂದಿತೆಂದು ಅದನ್ನು ನಿಲ್ಲಿಸಿದವರು ದಯವಿಟ್ಟು ಮತ್ತೆ ಶುರುಮಾಡಿ.

ಟಿ.ವಿ. ಕೈಕೊಡುವ ಎರಡು ಹೊತ್ತು

ಮಳೆ ಜೋರಾದಾಗಲೇ ಡಿಶ್ ಟಿ.ವಿ. ನಿಂತುಹೋಗುತ್ತದೆಂಬ ದೂರು ಎಲ್ಲರ ಮನೆಯಲ್ಲೂ ಇದೆ. ಮಳೆಯ ಸುದ್ದಿ ಬೇಕಾದ ಹೊತ್ತಿಗೇ ಸುದ್ದಿ ಇಲ್ಲ. ಬಿಜಾಪುರದ ಕೋಳಿಜಾಲರಿಗೆ ಈ ತೊಂದರೆ ಇರಲಿಲ್ಲ. ಈಗಿನ ಮನೆಡಿಶ್‌ಗೆ ಬರುವ ಅಲೆಯ ಉದ್ದ ಸುಮಾರು ಎರಡೂವರೆ ಸೆಂಟಿಮೀಟರ್ ಮಾತ್ರ. ಅಲೆ ಗಿಡ್ಡವಾದ್ದರಿಂದ ಎರಡು ಅಡಿಯ ತಟ್ಟೆ ಸಾಕಾಗುತ್ತದೆ, ಜಾಲರಿ ಬದಲು ತಗಡೇ ಬೇಕಾಗುತ್ತದೆ. ಮಳೆಹನಿಗಳು ಇಷ್ಟು ಗಿಡ್ಡ ಅಲೆಯನ್ನು ಹೀರಿ ಚದುರಿಸಿಬಿಡುತ್ತವೆ. 35 ಸೆಂಟಿಮೀಟರ್ ಅಲೆಗೆ ಮಳೆಹನಿ ಲೆಕ್ಕಕ್ಕೇ ಇಲ್ಲ. ಸಣ್ಣ ತಟ್ಟೆಯ ಅನುಕೂಲಕ್ಕೆ ನಾವು ಕೊಟ್ಟ ಬೆಲೆ ಇದು. ವಿದ್ಯಾಗಿರಿಯ ಮಾಸ್ತರರಿಗೆ ಇದನ್ನು ಹೇಳಿದಾಗ, "ನಮ್ಮಲ್ಲಿ ಮಳಿನ ಇಲ್ಲ ಬಿಡ್ರಿ, ಟಿ.ವಿ. ಎಲ್ಲಿ ನಿಲ್ಲತೈತಿ?" ಎಂದು ನಕ್ಕರು.

ಎರಡನೆಯ ಹೊತ್ತು ವರ್ಷಕ್ಕೆ ಎರಡು ಸಲ, ನಮ್ಮ ಕಡೆ ಮಾರ್ಚ್ ನಡುವಿನಲ್ಲೂ ಸೆಪ್ಟೆಂಬರ್ ಕೊನೆಯಲ್ಲೂ. ಆ ದಿನಗಳಲ್ಲಿ ಹಗಲು ಒಂದು ನಿಗದಿತ ಹೊತ್ತಿಗೆ ಸೂರ್ಯ ಸರಿಯಾಗಿ ಉಪಗ್ರಹದ ಬೆನ್ನ ಹಿಂದೆ ಬರುತ್ತಾನೆ. ಡಿಶ್ ಉಪಗ್ರಹದ ಕಡೆ ನೋಡುತ್ತಿದ್ದರೂ ಅದಕ್ಕೆ ಕೇಳಿಸುವುದು ಸೂರ್ಯನ ಗದ್ದಲ. ಶುಭ್ರ ಬಿಸಿಲಿನಲ್ಲಿ ಚಿತ್ರ ಕೆಟ್ಟು ಕೆಲವು ನಿಮಿಷಗಳಲ್ಲಿ ತಾನೇ ಸರಿಹೋಗುತ್ತದೆ, ಮರುದಿನವೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಹಾಗೇ ಆಗುತ್ತದೆ, ಕೆಲವು ದಿನ ಕಳೆದ ಮೇಲೆ ನಿಲ್ಲುತ್ತದೆ. ಮಾರ್ಚಿನಲ್ಲಿ ಹೀಗಾದರೆ ಡಿಶ್‌ನವನನ್ನು ಕರೆಸಿ ಇನ್ನೂರು ಮುನ್ನೂರು ರೂಪಾಯಿ ಕೊಡಬೇಡಿ. ನಾನು ಒಂದು ವರ್ಷ ಕೊಟ್ಟಿದ್ದೇನೆ. ಅವನು ಮಹಡಿ ಹತ್ತಿ ನಟ್ಟು ಬಿಗಿ ಮಾಡುವಷ್ಟರಲ್ಲಿ ಸೂರ್ಯ ಪಕ್ಕಕ್ಕೆ ಸರಿದಿದ್ದ, ಚಿತ್ರ ಬಂದಿತ್ತು.